ತಾಳು ಎನ್ನುವ ಕಾಳು

ಗಂಡನ ಹೆಸರು ಬಾಯಲ್ಲಿ ಹೇಳಿದವಳಲ್ಲ ನಾನು.
ಆಸ್ಪತ್ರೆಯ ಫಾರ್ಮಿನಲ್ಲಿ ಬರೆಯಲೇಬೇಕಾಯಿತು: ಸೂಗಪ್ಪ.
ಕೆಲಸ: ಶಕ್ತಿನಗರ, ಕಂಟ್ರೋಲ್ ರೂಮು.

ಇಪ್ಪತ್ತಾರು ವರ್ಷ ಐವತ್ತು ಸೈಕಲ್ ಕಾದವನು.
ಮುಳ್ಳು ಅರ್ಧ ಇಳಿದರೂ ಫೋನು ಬಡಕೊಳ್ಳುವುದು,
ಆಗಲೂ ಗುಂಡಿ ಒತ್ತುವ ಮುನ್ನ
ಒಳಗೊಳಗೇ ಮೂರು ಎಣಿಸುತ್ತಿದ್ದನಂತೆ.
ಉಣ್ಣಲು ಕೂತರೂ ಅದೇ ಚಾಳಿ.
ಇನ್ನೊಂದು ರೊಟ್ಟಿ ಹಾಕಲೇನು ಎಂದರೆ
ಒಂದು, ಎರಡು –
ಅಷ್ಟರಲ್ಲಿ ನಾನೇ ಹಾಕಿಬಿಟ್ಟಿರುತ್ತಿದ್ದೆ.

ಆಮೇಲೆ ಕೈ ಶುರುವಾಯಿತು.
ಇಲ್ಲದ ಬೀಡಿಯೊಂದನ್ನು ಹೊಸೆಯುತ್ತಲೇ ಇರುವ ಬಲಗೈ.
ಹೊಸ್ತಿಲು ಬಂದರೆ ಅಂಟಿ ನಿಲ್ಲುವ ಕಾಲು.
ಅಂಗಿಯ ಗುಂಡಿ ನಾನು ಹಾಕಬೇಕು, ಮೀಸೆ ನಾನು ಕತ್ತರಿಸಬೇಕು,
ಅದೂ ಒಂದು ಕಡೆ ಗಿಡ್ಡ.

ಹೈದರಾಬಾದಿನಲ್ಲಿ, ಎಚ್ಚರ ಇರುವಾಗಲೇ,
ತಲೆಗೆ ಎರಡು ತೂತು, ಎರಡು ತಂತಿ.
ಕಿವಿಯ ಹಿಂದಿನಿಂದ ಇಳಿದು ಎದೆಯ ತೊಗಲ ಕೆಳಗೆ
ಬೆಂಕಿಪೊಟ್ಟಣದಷ್ಟು ಬ್ಯಾಟರಿ.
ಸೆಕೆಂಡಿಗೆ ನೂರಾ ಮೂವತ್ತು ಬಡಿತ ಎಂದರು ಡಾಕ್ಟರು.
‘ನಮ್ಮ ಪ್ಲಾಂಟಿಗಿಂತ ಜೋರೈತಲ್ರಿ’ ಎಂದು ನಕ್ಕ.
ಕೈಯಲ್ಲಿ ತುಂಬಿದ ಲೋಟ. ಅದರೊಳಗೆ
ಟ್ಯೂಬ್‌ಲೈಟು ಒಂದಿಷ್ಟೂ ಅಲುಗದೆ ಮಲಗಿತ್ತು.
ನಾನು ಅತ್ತೆ.

ಮೂರು ಎಣಿಸುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.
ತೀನ್ ಕಂದೀಲಿಗೆ ಹಾಲು ತರಲು ಹೋದವನು
ನಾಲ್ಕು ಮಿಕ್ಸರ್ ಹೊರಿಸಿಕೊಂಡು ಬಂದ.
ರಾತ್ರಿ ಹೊದಿಕೆಯೊಳಗೆ ಫೋನಿನ ಬೆಳಕು, ರಮ್ಮಿ,
ಅರವತ್ತೆರಡು ಸಾವಿರ.
ಕೇಳಿದರೆ, ‘ಇನ್ನೊಂದಾಟಕ್ಕ ಬರತೈತಿ.’
ಎಲೆ ಎತ್ತುವ ಆ ಬೆರಳು ಒಂಚೂರೂ ನಡುಗುತ್ತಿರಲಿಲ್ಲ.

ಡಾಕ್ಟರು ಚಿತ್ರ ಬರೆದು ತೋರಿಸಿದರು:
ಮಿದುಳಿನ ತಳದಲ್ಲಿ ತೊಗರಿಬೇಳೆಯಂಥ ಒಂದು ಕಾಳು.
ಎರಡು ದಾರಿ ಎದುರಾದಾಗ ‘ತಾಳು’ ಎನ್ನುವುದೂ ಅದರ ಕೆಲಸವಂತೆ.
ನಡುಕ ಹಿಡಿಯಲು ಹೋದ ಕರೆಂಟು
ಅದರ ಬಾಯನ್ನೂ ಕಟ್ಟಿರಬಹುದು.
‘ಇರಬಹುದು’ ಎಂದೇ ಅಂದರು. ಎಲ್ಲರಿಗೂ ಹೀಗಾಗುವುದಿಲ್ಲವಂತೆ.

ಹೇಳಬೇಕಾದ್ದೆಲ್ಲ ಹೇಳಿದೆ. ಎರಡು ಹೇಳಲಿಲ್ಲ.

ನೆಂಟರ ಮುಂದೆ ನನ್ನ ಅಣ್ಣನಿಗೆ ಅಂದುಬಿಟ್ಟಿದ್ದ:
‘ತಂಗಿ ಪಾಲಿನ ಹೊಲ ನುಂಗಿದಿಯಲ್ಲೋ ಚೆನ್ನಬಸಣ್ಣ,
ಅರಗಿತೇನು?’
ಇಪ್ಪತ್ತು ವರ್ಷ ನನ್ನ ಗಂಟಲಲ್ಲಿ ಕೂತ ಮಾತು.
ಎಲ್ಲರೆದುರು ಗಂಡನನ್ನು ಬೈದೆ, ಅಡಿಗೆಮನೆಗೆ ಹೋಗಿ
ಒಂದು ಚೊಂಬು ಮಜ್ಜಿಗೆ ಗಟಗಟ ಕುಡಿದೆ.

ಮತ್ತೆ, ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ನಡುವೆ,
ನನ್ನ ಕೈ ಹಿಡಿದುಕೊಂಡ. ಮದುವೆಯಾಗಿ ಮೂವತ್ತೊಂದು ವರ್ಷ.
ಅದೂ ಕರೆಂಟೇ ಏನು?
ಕೇಳಲು ಬಾಯಿ ಬರಲಿಲ್ಲ.

ಪರೀಕ್ಷೆ ಮಾಡುವ ಹುಡುಗಿ ಗಡಿಯಾರ ಒತ್ತಿದಳು:
‘ಕ’ದಿಂದ ಶುರುವಾಗುವ ಮಾತು, ಒಂದು ನಿಮಿಷ.
ಹಿಂದೆಲ್ಲ ಪೇಪರಿನ ಪದಬಂಧ ಪೆನ್ನಿನಲ್ಲೇ ತುಂಬುತ್ತಿದ್ದವನು.
‘ಕಲ್ಲಿದ್ದಲು... ಕನ್ವೇಯರ್... ಕಲ್ಲಿದ್ದಲು...’
ಕಣ್ಣು ಕೋಣೆಯೆಲ್ಲ ತಡಕಾಡಿತು.
ಎದುರಿಗೇ ಕೂತಿದ್ದೆ ನಾನು, ಕರಿಬಸಮ್ಮ.

ಮೂರು ಪಾಯಿಂಟ್ ಎರಡರಿಂದ ಎರಡು ಪಾಯಿಂಟ್ ಆರಕ್ಕೆ
ಕರೆಂಟು ಇಳಿಸಿದರು. ಒಂದು ಗುಳಿಗೆಯನ್ನೂ ಕಡಿಮೆ ಮಾಡಿದರು.
ನಡುಕ ಸ್ವಲ್ಪ ಮರಳಿದರೂ ಮರಳೀತು, ಆಗಬಹುದೇ
ಎಂದು ಆತನನ್ನು ಕೇಳಿದರು, ಆತ ನನ್ನನ್ನು ನೋಡಿದ.
ಯಾರನ್ನು ಮನೆಗೆ ಕರೆದೊಯ್ಯಲಿ ಎಂದು
ನಾನು ಯಾರನ್ನು ನೋಡಲಿ?

ರೈಲಿನಲ್ಲಿ ಚಹಾದವನು ಬಂದ.
ಗಂಡ ಜೇಬಿಗೆ ಕೈ ಹಾಕಿದ, ತಡೆದ.
ಆ ತಡೆದ ಜಾಗದಲ್ಲಿ ಯಾರೋ ಗುರುತಿನವರು ಹಾದುಹೋದಂತಾಯಿತು.
ಒಂದೇ ಕಪ್ಪು ತೆಗೆದುಕೊಂಡ.
ಅದರ ಅಂಚಿನಲ್ಲಿ ಸಣ್ಣ ಸಣ್ಣ ತೆರೆ.

ಸೇತುವೆಯ ಸದ್ದು ಶುರುವಾದಾಗ
ಕಿಟಕಿಯಾಚೆ ನಮ್ಮ ಪ್ಲಾಂಟಿನ ಹೊಗೆ.
‘ಕೃಷ್ಣೆ’ ಎಂದ, ಯಾರೂ ಕೇಳದೆ.
ಸುಮಾರು ಹೊತ್ತು ಬಿಟ್ಟು, ‘ಕಬ್ಬಿಣ.’
ಆಮೇಲೆ ಸುಮ್ಮನಾದ, ತುಟಿ ಮಾತ್ರ ಆಡುತ್ತಿತ್ತು.
ಆ ಹುಡುಗಿಯ ಒಂದು ನಿಮಿಷ ಮುಗಿದು ಆರು ತಾಸಾಗಿತ್ತು.
ನಾನು ಇನ್ನೂ ಎಣಿಸುತ್ತಿದ್ದೆ.